ಅರೆನೆನಪಿನ ಚಿತ್ರಕಥೆಗಳು: ಕೃತಿನಿರ್ಣಯದ ಕೆಲವು ಸಮಸ್ಯೆಗಳು

1

ಕನ್ನಡದಲ್ಲಿ ಕೃತಿನಿರ್ಣಯದ ಚರ್ಚೆ ಬಹುಮಟ್ಟಿಗೆ ಪ್ರಾಚೀನ ಮತ್ತು ಮಧ್ಯಕಾಲೀನ ಕಾವ್ಯಗಳ ಸುತ್ತಲೇ ನಡೆದಿದೆ. ಒಂದು ಓಲೆಯ ಪ್ರತಿ ಕೈಗೆ ಬಂದಾಗ ಅದರ ಕರ್ತೃ ಯಾರು, ಕಾಲ ಯಾವುದು, ಪಾಠ ಎಷ್ಟರಮಟ್ಟಿಗೆ ಶುದ್ಧ ಎಂಬ ಪ್ರಶ್ನೆಗಳನ್ನೆತ್ತಿ, ಆಂತರಿಕ ಹಾಗೂ ಬಾಹ್ಯ ಪ್ರಮಾಣಗಳಿಂದ ಉತ್ತರ ಕಂಡುಕೊಳ್ಳುವ ಶಿಸ್ತು ನಮ್ಮಲ್ಲಿ ನೆಲೆಗೊಂಡಿದೆ. ಆದರೆ ಐವತ್ತು ಅರವತ್ತು ವರ್ಷಗಳ ಹಿಂದೆ ಅಚ್ಚಾಗಿ, ಮಕ್ಕಳ ಕೈಯಲ್ಲಿ ಹರಿದು ಚಿಂದಿಯಾಗಿ ಕಣ್ಮರೆಯಾದ ಚಿತ್ರಕಥೆಗಳಿಗೆ ಈ ಶಿಸ್ತನ್ನು ಅನ್ವಯಿಸಿದ್ದು ವಿರಳ. ಓಲೆಗರಿಯ ಸಂದರ್ಭದಲ್ಲಿ ಪ್ರತಿಯಿದ್ದು ಮಾಹಿತಿ ಇರುವುದಿಲ್ಲ. ಇಲ್ಲಿ ಅನೇಕ ವೇಳೆ ಪ್ರತಿಯೇ ಇಲ್ಲ, ಇರುವುದು ಓದಿದವರ ಅರೆನೆನಪು ಮಾತ್ರ. ಆ ಅರೆನೆನಪನ್ನು ಆಕರವೆಂದು ಒಪ್ಪಬಹುದೇ? ಒಪ್ಪುವುದಾದರೆ ಯಾವ ಮಿತಿಯಲ್ಲಿ? ಪ್ರಸ್ತುತ ಲೇಖನದ ಪ್ರಶ್ನೆ ಇದು.

ಹುನಗುಂದ ಸೀಮೆಯ ಮರೋಳದಲ್ಲಿ ಬಾಲ್ಯ ಕಳೆದ ನನ್ನಲ್ಲಿಯೂ ಇಂಥದೊಂದು ನೆನಪಿದೆ. 1970ರ ದಶಕದ ಆರಂಭದ ವರ್ಷಗಳು. ಇಳಕಲ್ಲಿನಿಂದ ತಂದ ರದ್ದಿಯ ಕಟ್ಟಿನಲ್ಲಿ ಮುಖಪುಟವಿಲ್ಲದ ಬಣ್ಣದ ಪುಸ್ತಕವೊಂದು ಸಿಕ್ಕಿತ್ತು. ಬಳ್ಳಿ ಹಿಡಿದು ಮೋಡದೊಳಕ್ಕೆ ಏರುವ ಹುಡುಗ, ಅರ್ಧ ಪುಟವನ್ನು ಆಕ್ರಮಿಸಿದ ರಾಕ್ಷಸನ ಬರಿಗಾಲು, ಕೊನೆಯಲ್ಲಿ ಕೊಡಲಿಯೇಟು. ಅಕ್ಕ ಪುಟ ತಿರುವುತ್ತಾ ಓದಿ ಹೇಳುತ್ತಿದ್ದಳು. ಹುಡುಗ ತಾಯಿಯನ್ನು 'ಅವ್ವಾ' ಎಂದು ಕರೆಯುತ್ತಿದ್ದ. ಆ ಪುಸ್ತಕ ಯಾವುದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ವೈಯಕ್ತಿಕವೆನಿಸಿದರೂ, ಮುಂದೆ ನೋಡಲಿರುವಂತೆ, ಅದರ ಉತ್ತರ ಕನ್ನಡ ಪುಸ್ತಕ ಚರಿತ್ರೆಯ ಒಂದು ವಿವಾದಕ್ಕೆ ತಾಗುತ್ತದೆ.

2

ಮೊದಲು ನೆನಪಿನ ಸ್ವರೂಪವನ್ನು ಗಮನಿಸಬೇಕು. ಬ್ರಿಟಿಷ್ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟವಾದ ತಮ್ಮ 'ರಿಮೆಂಬರಿಂಗ್' ಗ್ರಂಥದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲಿಷ್ ಓದುಗರಿಗೆ ಓದಿಸಿ, ಕಾಲಾಂತರದಲ್ಲಿ ಅದನ್ನೇ ನೆನಪಿನಿಂದ ಬರೆಯಿಸಿದಾಗ, ಅಪರಿಚಿತ ವಿವರಗಳು ಉದುರಿ ಪರಿಚಿತ ವಿವರಗಳು ಆ ಜಾಗಕ್ಕೆ ಬಂದಿದ್ದವು. ಮೂಲದ 'ಕನೂ' ಎಂಬುದು ಸಾಮಾನ್ಯ ದೋಣಿಯಾಯಿತು. ಅರ್ಥವಾಗದ ಸಂಬಂಧಗಳಿಗೆ ಓದುಗರೇ ಕಾರಣ ಒದಗಿಸಿದರು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ನೆನಪು ಒಬ್ಬ ಲಿಪಿಕಾರ. ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದುವ ಲಿಪಿಕಾರನಂತೆ ಅದು ಕ್ಲಿಷ್ಟ ಪಾಠವನ್ನು ಸುಲಭ ಪಾಠವಾಗಿಸುತ್ತದೆ.

ಇದರಿಂದ ಒಂದು ನಿಯಮ ತಾನಾಗಿ ಹೊರಡುತ್ತದೆ. ಪಾಠಾಂತರಗಳಲ್ಲಿ ಕ್ಲಿಷ್ಟ ಪಾಠಕ್ಕೆ ಹೆಚ್ಚಿನ ಮನ್ನಣೆ ಸಲ್ಲುವಂತೆ, ನೆನಪಿನಲ್ಲಿಯೂ ಕಥೆಗೆ ಅನಗತ್ಯವಾದ, ವಿಲಕ್ಷಣವಾದ ವಿವರಕ್ಕೇ ಹೆಚ್ಚಿನ ಬೆಲೆ. ಕಥಾನಾಯಕನ ಹೆಸರು, ಪುಸ್ತಕದ ಶೀರ್ಷಿಕೆ, ಕಥೆಯ ನೀತಿ ಇವೆಲ್ಲ ಆಮೇಲೆ ಬೇರೆಡೆಯಿಂದ ಬಂದು ಸೇರಿರಬಹುದು. ಕೆಂಪು ಬಣ್ಣ ರೇಖೆಯಿಂದ ಆಚೆ ಸರಿದು ಮುದ್ರಿತವಾಗಿದ್ದುದು, ಒಂದು ಚೌಕಟ್ಟಿನ ಹೊರಗೆ ಚಾಚಿದ ಕೈ, ಹಿಂಬದಿಯ ಜಾಹೀರಾತು ಇಂಥವನ್ನು ಕಲ್ಪಿಸಿಕೊಳ್ಳಲು ಮನಸ್ಸಿಗೆ ಕಾರಣವಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಹತ್ತಿರದ ನಿದರ್ಶನದಿಂದ ವಿವರಿಸಬಹುದು. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳು ಶಿಲ್ಪಪಟ್ಟಿಕೆಗಳಲ್ಲಿ ಸಾಗುತ್ತವೆ. ಪಾತ್ರಗಳ ಹೆಸರುಗಳನ್ನು ಅಲ್ಲಲ್ಲಿ ಕಲ್ಲಿನಲ್ಲಿ ಕೊರೆಯಲಾಗಿದೆ. ಹೆಸರಿರುವಲ್ಲಿ ನಿರ್ಣಯ ಸುಲಭ. ಹೆಸರಿಲ್ಲದಲ್ಲಿ ನೋಡುವವನು ಆಯುಧ, ತಲೆಗಳ ಸಂಖ್ಯೆ, ಕಪಿಗಳ ಗುಂಪು, ಹಿಂದಿನ ಮುಂದಿನ ಪಟ್ಟಿಕೆಗಳ ಅನುಕ್ರಮ ಇವುಗಳಿಂದ ಪ್ರಸಂಗವನ್ನು ಗುರುತಿಸುತ್ತಾನೆ. ಬಾಲ್ಯದ ಚಿತ್ರಕಥೆ ಹೆಸರುಗಳೆಲ್ಲ ಸವೆದುಹೋದ ಅಂಥ ಗೋಡೆ. ಅಲ್ಲಿ ಲಕ್ಷಣದಿಂದ ಲಕ್ಷ್ಯಕ್ಕೆ ಹೋಗಬೇಕೇ ಹೊರತು, ಊಹಿಸಿದ ಹೆಸರಿನಿಂದ ಲಕ್ಷಣಕ್ಕೆ ಹೋಗಬಾರದು.

3

ಈ ನಿಯಮವನ್ನು ಮೀರಿದರೆ ಆಗುವ ಗೊಂದಲಕ್ಕೆ 'ಬೇತಾಳನ ಚಿತ್ರಕಥೆ' ಒಳ್ಳೆಯ ಉದಾಹರಣೆ. ಉತ್ತರ ಕರ್ನಾಟಕದ ಓದುಗನೊಬ್ಬ ಬಾಲ್ಯದಲ್ಲಿ ಬೇತಾಳನ ಚಿತ್ರಕಥೆ ಓದಿದೆನೆಂದರೆ ಕನಿಷ್ಠ ಎರಡು ಸಾಧ್ಯತೆಗಳಿವೆ. ಒಂದು, ಮದರಾಸಿನಿಂದ ಬರುತ್ತಿದ್ದ, ಈಗ ಪ್ರಕಟವಾಗುತ್ತಿಲ್ಲದ 'ಚಂದಮಾಮ'. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಇವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಅನತಿಕಾಲದಲ್ಲಿ ಕನ್ನಡಕ್ಕೂ ಬಂತು. ಇನ್ನೊಂದು, ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರಿಂದ 1990ರವರೆಗೆ ಪ್ರಕಟಿಸಿದ 'ಇಂದ್ರಜಾಲ ಕಾಮಿಕ್ಸ್'. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಈ ಮಾಲಿಕೆಯ ಹಿಂದಿ ಮತ್ತು ಮರಾಠಿ ಆವೃತ್ತಿಗಳಲ್ಲಿ 'ವೇತಾಳ' ಎಂಬ ಹೆಸರನ್ನೇ ಪಡೆದಿದ್ದ. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ಮರಾಠಿ ಓದು ಅಪರೂಪವಾಗಿರಲಿಲ್ಲ. ಆದ್ದರಿಂದ ಹೆಸರು ಇಲ್ಲಿ ಪ್ರಮಾಣವಾಗದು. ಅದೇ ಗೊಂದಲದ ಮೂಲ.

ಲಕ್ಷಣಗಳು ಮಾತ್ರ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸುತ್ತವೆ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸ್ಮಶಾನದ ಮರ ಇವಿದ್ದರೆ ಅದು ಚಂದಮಾಮದ ವಿಕ್ರಮ. ಆ ಚಿತ್ರವನ್ನು ಲಕ್ಷಾಂತರ ಮಂದಿಯ ಕಣ್ಣಲ್ಲಿ ನಿಲ್ಲಿಸಿದವರು 1952ರಲ್ಲಿ ಪತ್ರಿಕೆ ಸೇರಿ 2020ರಲ್ಲಿ ತೀರಿಕೊಂಡ ಕಲಾವಿದ ಶಂಕರ್. ಮುಖವಾಡ, ತಲೆಬುರುಡೆಯ ಉಂಗುರ, ತೋಳ, ಬಿಳಿ ಕುದುರೆ ಇವಿದ್ದರೆ ಅದು ಇಂದ್ರಜಾಲ. ಇನ್ನೂ ಸೂಕ್ಷ್ಮವಾದ ಗುರುತುಗಳಿವೆ. ಭಾರತೀಯ ಓದುಗರಿಗೆ ಇರಿಸುಮುರಿಸಾಗದಿರಲೆಂದು ಈ ಮಾಲಿಕೆಯಲ್ಲಿ ಫ್ಯಾಂಟಮ್‌ನ ನಾಡನ್ನು 'ಡೆಂಕಾಲಿ' ಎಂದೂ, 'ಸಿಂಗ್' ಕಡಲುಗಳ್ಳರನ್ನು 'ಸಿಂಗಾ' ಎಂದೂ, 'ರಾಮ' ಎಂಬ ದುಷ್ಟನನ್ನು 'ರಾಮಲು' ಎಂದೂ ಬದಲಿಸಲಾಗಿತ್ತು. ಓದುಗನ ನೆನಪಿನಲ್ಲಿ 'ಡೆಂಕಾಲಿ' ಉಳಿದಿದ್ದರೆ ಅವನು ಓದಿದ್ದು ವಿದೇಶಿ ಮುದ್ರಣವಲ್ಲ, ಭಾರತೀಯ ಮುದ್ರಣ ಎಂದು ಹೇಳಬಹುದು.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಚಂದಮಾಮದ ಬೇತಾಳ ಕಥೆಗಳು ಚೌಕಟ್ಟು ಹಾಗೂ ಮಾತಿನ ಬಲೂನುಗಳಿರುವ ಚಿತ್ರಕಥೆಗಳಲ್ಲ, ಸಚಿತ್ರ ಗದ್ಯಕಥೆಗಳು. ಆದರೂ ಅವನ್ನು ಚಿತ್ರಕಥೆಗಳೆಂದೇ ನೆನೆಯುವವರು ಹಲವರು. ಗದ್ಯ ಮರೆತು ಚಿತ್ರ ಉಳಿದಾಗ, ಚಿತ್ರಗಳ ನಡುವಿನ ತೆರಪನ್ನು ನೆನಪು ತಾನೇ ಚೌಕಟ್ಟು ಹಾಕಿ ತುಂಬುತ್ತದೆ. ಆದುದರಿಂದ 'ಚಿತ್ರಕಥೆ' ಎಂಬ ಪ್ರಕಾರದ ಹೆಸರನ್ನೂ ಪರೀಕ್ಷೆಯಿಲ್ಲದೆ ಒಪ್ಪುವಂತಿಲ್ಲ.

4

ಕಾಲನಿರ್ಣಯದಲ್ಲಿ ಪೂರ್ವಮಿತಿ, ಉತ್ತರಮಿತಿಗಳನ್ನು ಗೊತ್ತುಮಾಡುವ ಕ್ರಮ ಇಲ್ಲಿಯೂ ಉಪಯುಕ್ತ. ಬಹಾದ್ದೂರ್ ಎಂಬ ಭಾರತೀಯ ನಾಯಕ ಇಂದ್ರಜಾಲದಲ್ಲಿ ಕಾಣಿಸಿಕೊಂಡದ್ದು 1976ರಲ್ಲಿ. 'ಟಿಂಕಲ್' ಆರಂಭವಾದದ್ದು 1980ರಲ್ಲಿ. ಕನ್ನಡದ 'ಬಾಲಮಂಗಳ'ದ ಮೂಲಕ ಮನೆಮಾತಾದ ಡಿಂಗ ಎಂಬ ಇಲಿಯ ಮಲಯಾಳಂ ಮೂಲ 1983ರದು. ಹಾಗಾಗಿ 1970ರ ದಶಕದಲ್ಲಿ ಡಿಂಗನ ಕಥೆ ಓದಿದೆನೆಂಬ ನೆನಪು ಎಷ್ಟೇ ಗಾಢವಾಗಿದ್ದರೂ ಕಾಲದ ವಿಷಯದಲ್ಲಿ ತಪ್ಪಿದೆ ಎಂದೇ ಹೇಳಬೇಕಾಗುತ್ತದೆ.

ಹರಿದ ಪ್ರತಿಯೊಂದು ಉಳಿದಿದ್ದರಂತೂ ಪ್ರಮಾಣಗಳು ಹೆಚ್ಚುತ್ತವೆ. ಬೆಲೆ 'ನಯೇ ಪೈಸೆ'ಯಲ್ಲಿದ್ದರೆ ಅದು 1957ರಿಂದ 1964ರ ನಡುವಿನ ಕಾಲವನ್ನು ಸೂಚಿಸುತ್ತದೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಈಚಿನದು. 'ಮೈಸೂರು ರಾಜ್ಯ' ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕಿಂತ ಹಿಂದಿನದು. 'ಮದರಾಸು' ಹೋಗಿ 'ಚೆನ್ನೈ' ಬಂದಿದ್ದರೆ 1996ರ ಈಚಿನದು. ಆದರೆ ಪಿನ್‌ಕೋಡ್ ಇಲ್ಲವೆಂಬ ಮಾತ್ರಕ್ಕೆ ಪುಸ್ತಕ ಹಳೆಯದಾಗುವುದಿಲ್ಲ. ಹಳೆಯ ಅಚ್ಚುಪಡಿಯಿಂದ ಮರುಮುದ್ರಿಸುವ ಪದ್ಧತಿ ಇತ್ತು. ಇರುವ ಗುರುತು ಸಾಕ್ಷಿಯಾಗುವಷ್ಟು ಸುಲಭವಾಗಿ ಇಲ್ಲದ ಗುರುತು ಸಾಕ್ಷಿಯಾಗದು.

5

ಈಗ ಮುಖ್ಯ ಸಮಸ್ಯೆಗೆ ಬರಬಹುದು. 'ಅಮರ ಚಿತ್ರ ಕಥೆ' ಮಾಲಿಕೆಯ ಪ್ರಚಲಿತ ಇತಿಹಾಸ 1967ರಿಂದ ಆರಂಭವಾಗುತ್ತದೆ. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆಯೊಂದನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅದರಿಂದ ಪ್ರೇರಿತರಾಗಿ ಇಂಡಿಯಾ ಬುಕ್ ಹೌಸ್ ಮೂಲಕ ಈ ಮಾಲಿಕೆ ತಂದರು ಎಂಬುದು ಆ ಕಥನ. ಆದರೆ ಬೆಂಗಳೂರಿನಲ್ಲಿ ಅದೇ ಸಂಸ್ಥೆಯ ಪುಸ್ತಕ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರ ಹೇಳಿಕೆ ಬೇರೆ. ಅವರ ಪ್ರಕಾರ ಈ ಚಿತ್ರಕಥೆಗಳು ಮೊದಲು ಹೊರಬಂದದ್ದು ಕನ್ನಡದಲ್ಲಿ, 1965ರಲ್ಲಿ. ಕನ್ನಡದ ಯಶಸ್ಸೇ 1969ರ ಇಂಗ್ಲಿಷ್ ಆವೃತ್ತಿಗೆ ದಾರಿಯಾಯಿತು.

ಈ ವಿವಾದದಲ್ಲಿ ಒಂದು ಆಂತರಿಕ ಪ್ರಮಾಣ ಎದ್ದು ಕಾಣುತ್ತದೆ. ಇಂಗ್ಲಿಷ್ ಮಾಲಿಕೆಯ ಮೊದಲ ಪುಸ್ತಕ, ಅನಂತ ಪೈ ಬರೆದು ರಾಮ್ ವಾಯೀರ್‌ಕರ್ ಚಿತ್ರಿಸಿದ 'ಕೃಷ್ಣ'. ಅದರ ಕ್ರಮಸಂಖ್ಯೆ 1 ಅಲ್ಲ, 11. ಮೊದಲ ಹತ್ತು ಸಂಖ್ಯೆಗಳು ಜ್ಯಾಕ್ ಮತ್ತು ಮಾಯದ ಬಳ್ಳಿ, ಸಿಂಡ್ರೆಲಾ, ಅಲ್ಲಾವುದ್ದೀನ್ ಮುಂತಾದ ಹೊರನಾಡಿನ ಅದ್ಭುತ ಕಥೆಗಳ ದೇಶಭಾಷಾ ಅನುವಾದಗಳಿಗೆ ಸೇರಿದವು. ರಾಮನ ತಾಯಿಯನ್ನು ನೆನಪಿಸಲು ಹುಟ್ಟಿತೆನ್ನುವ ಮಾಲಿಕೆಯ ಬುಡದಲ್ಲಿ ಸಿಂಡ್ರೆಲಾ ಇದ್ದಾಳೆ ಎಂಬುದೇ ಪ್ರಚಲಿತ ಕಥನ ಅಪೂರ್ಣವೆಂದು ತೋರಿಸುತ್ತದೆ. ಮುಂದೆ ಮರುಮುದ್ರಣಗಳಲ್ಲಿ ಸಂಖ್ಯೆಗಳನ್ನು ಹೊಸದಾಗಿ ಕೊಟ್ಟು 'ಕೃಷ್ಣ'ವನ್ನು 501 ಎಂದು ಮಾಡಿದಾಗ ಈ ಸುಳಿವೂ ಸಾಮಾನ್ಯ ಓದುಗರ ಕಣ್ಣಿಂದ ಮರೆಯಾಯಿತು. ಆದರೆ 11 ಎಂಬ ಸಂಖ್ಯೆ ಸಿದ್ಧಪಡಿಸುವುದು ಹಿಂದೆ ಹತ್ತು ಪುಸ್ತಕಗಳಿದ್ದವು ಎಂಬುದನ್ನು ಮಾತ್ರ. ಅವುಗಳಲ್ಲಿ ಕನ್ನಡವೇ ಮೊದಲು ಎಂಬುದನ್ನಲ್ಲ. ಅದಕ್ಕೆ ಕನ್ನಡದ ದಿನಾಂಕಿತ ಪ್ರತಿ ಬೇಕು, ಇಲ್ಲವೇ ಪ್ರಬಲವಾದ ಬಾಹ್ಯ ಪ್ರಮಾಣ ಬೇಕು.

6

ಮರೋಳದ ಪುಸ್ತಕದ ಪ್ರಶ್ನೆಗೆ ಮಹತ್ವ ಬರುವುದು ಇಲ್ಲಿ. ಬಳ್ಳಿ, ರಾಕ್ಷಸ, ಕೊಡಲಿ ಈ ಮೂರೂ ಸೇರಿದರೆ ಕಥೆ ಜ್ಯಾಕ್‌ನದೆಂಬುದರಲ್ಲಿ ಸಂದೇಹವಿಲ್ಲ. ಅದು ಕನ್ನಡ ಪುಸ್ತಕವಾಗಿದ್ದರೆ, ಕಳೆದುಹೋದ ಆ ಹತ್ತರಲ್ಲಿ ಒಂದಕ್ಕೆ ನಾನು ಸಾಕ್ಷಿ ಎಂದು ಹೇಳಿಕೊಳ್ಳಬಹುದಿತ್ತು. ಹಲವು ವರ್ಷ ಹಾಗೆಂದೇ ನಂಬಿದ್ದೆ.

ಆದರೆ ಇಲ್ಲಿ ಕೃತಿಯನ್ನು ಗುರುತಿಸುವುದು ಬೇರೆ, ಆವೃತ್ತಿಯನ್ನು ಗುರುತಿಸುವುದು ಬೇರೆ. ಅನುವಾದಿತ ಚಿತ್ರಕಥೆಯಲ್ಲಿ ಚಿತ್ರ ಎಲ್ಲ ಭಾಷೆಗಳಿಗೂ ಒಂದೇ. ಬದಲಾಗುವುದು ಬಲೂನಿನೊಳಗಿನ ಅಕ್ಷರ. ಆದ್ದರಿಂದ ಕನ್ನಡ ಪ್ರತಿಯ ನೆನಪನ್ನು ಬೇರೆ ಭಾಷೆಯ ಪ್ರತಿಯಿಂದ ಗುರುತಿಸಬಹುದು. ಬೇರೆ ಭಾಷೆಯ ಪ್ರತಿ ಇದೆಯೆಂದು ಕನ್ನಡ ಪ್ರತಿ ಇತ್ತೆನ್ನಲಾಗದು. ನನ್ನ ನೆನಪಿನಲ್ಲಿ ಉಳಿದಿರುವುದೆಲ್ಲ ಚಿತ್ರಗಳು. ಕನ್ನಡದ್ದೆಂಬುದಕ್ಕೆ ಇರುವ ಏಕೈಕ ಆಧಾರ 'ಅವ್ವಾ' ಎಂಬ ಮಾತು. ಬೆಂಗಳೂರಿನಲ್ಲಿ ಸಿದ್ಧವಾದ ಅನುವಾದದಲ್ಲಿ 'ಅಮ್ಮಾ' ಎಂದಿರುವ ಸಂಭವವೇ ಹೆಚ್ಚು. 'ಅವ್ವಾ' ನಮ್ಮ ಮನೆಯ ಮಾತು. ಅಕ್ಕ ಆಗ ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದಳು. ಹಿಂದಿಯ ಪುಸ್ತಕವನ್ನು ನೋಡುತ್ತಾ ಓದು ಬಾರದ ತಮ್ಮನಿಗೆ ಕನ್ನಡದಲ್ಲಿ ಹೇಳಿರುವುದು ಪೂರ್ಣ ಸಾಧ್ಯ. ನಾನು ಸಾಕ್ಷ್ಯವೆಂದುಕೊಂಡಿದ್ದ ಪದ ಪುಸ್ತಕದ್ದಲ್ಲ, ಅಕ್ಕನದು. ಹೀಗಾಗಿ ಕೃತಿ ನಿರ್ಣೀತ, ಆವೃತ್ತಿ ಅನಿರ್ಣೀತ ಎಂಬಲ್ಲಿಗೆ ನಿಲ್ಲಬೇಕಾಗಿದೆ.

ಇದನ್ನು ವಿವರವಾಗಿ ಹೇಳಲು ಕಾರಣವಿದೆ. ಕನ್ನಡಕ್ಕೆ ಪ್ರಥಮ ಸ್ಥಾನ ಸಲ್ಲಬೇಕೆಂಬ ಅಭಿಮಾನ ಸಹಜ. ಆದರೆ ಬಹುಭಾಷಿಕ ಪರಿಸರದ ಮಗುವಿನ ನೆನಪಿನಲ್ಲಿ ಎಲ್ಲಕ್ಕಿಂತ ದುರ್ಬಲವಾದ ಅಂಶ ಪುಸ್ತಕದ ಭಾಷೆಯೇ. ಅಭಿಮಾನಕ್ಕೆ ಎಲ್ಲಕ್ಕಿಂತ ಅಗತ್ಯವಾದದ್ದೂ ಅದೇ. ಇಂಥ ನೆನಪುಗಳನ್ನು ಒಟ್ಟುಗೂಡಿಸಿ ಪುರಾವೆಯೆಂದು ಮಂಡಿಸಿದರೆ, ಬಹುಶಃ ನಿಜವೇ ಆಗಿರುವ ಒಂದು ವಾದವನ್ನು ನಾವೇ ಶಿಥಿಲಗೊಳಿಸಿದಂತಾಗುತ್ತದೆ.

7

ಹಾಗಾದರೆ ಮುಂದಿನ ದಾರಿ ಯಾವುದು? ಬಾಹ್ಯ ಪ್ರಮಾಣಗಳಿಗೆ ಹುಡುಕಬೇಕಾದ ಸ್ಥಳಗಳು ಸ್ಪಷ್ಟವಾಗಿವೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಪ್ರಾಂತದಲ್ಲಿ ಅಚ್ಚಾದ ಪುಸ್ತಕಗಳ ತ್ರೈಮಾಸಿಕ ಪಟ್ಟಿಗಳು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕಿತ್ತು. 1954ರ ಪುಸ್ತಕ ಒಪ್ಪಿಸುವಿಕೆ ಕಾಯಿದೆಯಂತೆ ಪ್ರತಿಯೊಂದು ಪುಸ್ತಕವೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಬೇಕಿತ್ತು. ಮೈಸೂರು ಹಾಗೂ ಮುಂಬಯಿಗಳ 1965ರಿಂದ 1969ರವರೆಗಿನ ಪಟ್ಟಿಗಳನ್ನು ಸಾಲುಸಾಲಾಗಿ ಪರಿಶೀಲಿಸುವುದು ಒಬ್ಬ ಸಂಶೋಧನ ವಿದ್ಯಾರ್ಥಿಯ ಶಕ್ತಿಗೆ ಮೀರಿದ ಕೆಲಸವಲ್ಲ.

ಗ್ರಂಥಾಲಯಗಳಿಗೂ ಒಂದು ಬಿನ್ನಹ. ಚಿತ್ರಕಥೆಯನ್ನು ಸೂಚೀಕರಿಸುವಾಗ ಶೀರ್ಷಿಕೆ, ಲೇಖಕರ ಜೊತೆಗೆ ಚಿತ್ರಕಾರನ ಹೆಸರು, ಭಾಷೆ, ಮಾಲಿಕೆಯ ಹಳೆಯ ಮತ್ತು ಹೊಸ ಸಂಖ್ಯೆ, ಬೆಲೆ, ಹಿಂಬದಿಯ ಜಾಹೀರಾತು, ಪ್ರಮುಖ ಚಿತ್ರಗಳ ಸಂಕ್ಷಿಪ್ತ ವರ್ಣನೆ ಇವನ್ನು ದಾಖಲಿಸಬೇಕು. ನೆನಪು ಬರುವುದು ಚಿತ್ರದ ಮೂಲಕವೇ ಹೊರತು ಶೀರ್ಷಿಕೆಯ ಮೂಲಕವಲ್ಲ. ಮುಖಪುಟವಿಲ್ಲದ ಪ್ರತಿಯನ್ನು ನಿರುಪಯುಕ್ತವೆಂದು ವಿಲೇವಾರಿ ಮಾಡಬಾರದು. ಓದುಗರ ನೆನಪುಗಳನ್ನು ಬರೆದಿಡುವಾಗ 'ಯಾವ ಪುಸ್ತಕ' ಎಂದು ಮೊದಲೇ ಹೆಸರು ಸೂಚಿಸದೆ 'ಏನು ಕಂಡಿರಿ, ನೀವೇ ಓದಿದಿರೋ, ಯಾರಾದರೂ ಓದಿ ಹೇಳಿದರೋ' ಎಂದು ಕೇಳಬೇಕು. 1965ರಲ್ಲಿ ಎಂಟು ವರ್ಷದವರಾಗಿದ್ದವರು ಈಗ ಎಪ್ಪತ್ತರ ಗಡಿ ಸಮೀಪಿಸಿದ್ದಾರೆ ಅಥವಾ ದಾಟುತ್ತಿದ್ದಾರೆ. ಅವರ ನೆನಪು ಪುರಾವೆಯಲ್ಲದಿರಬಹುದು. ಪುರಾವೆಯನ್ನು ಎಲ್ಲಿ ಹುಡುಕಬೇಕೆಂದು ತೋರಿಸಬಲ್ಲವರು ಮಾತ್ರ ಅವರೇ.