ಇಸ್ಲಾಮಿಕ್ ನ್ಯಾಯಶಾಸ್ತ್ರದ ಸಂಶೋಧನಾ ಪ್ರಕಟಣೆ: ವೈದ್ಯನೊಬ್ಬನ ಓದು

ಕತಾರ್ ಎಂದರೆ ಅನಿಲ, ಫುಟ್‌ಬಾಲ್, ಎತ್ತರದ ಕಟ್ಟಡಗಳು ಎಂದುಕೊಳ್ಳುವುದು ನಮ್ಮ ರೂಢಿ. ಇಸ್ಲಾಮಿಕ್ ನ್ಯಾಯಶಾಸ್ತ್ರ, ಅಂದರೆ ಫಿಕ್ಹ್ ಕುರಿತ ವಿದ್ವತ್ ಬರಹಗಳೂ ಇಲ್ಲಿಂದ ಪ್ರಕಟವಾಗುತ್ತವೆ. ಕತಾರ್ ವಿಶ್ವವಿದ್ಯಾಲಯದ ಶರಿಯಾ ಕಾಲೇಜಿಗೆ ದಶಕಗಳಿಂದ ತನ್ನದೇ ಸಂಶೋಧನಾ ಪತ್ರಿಕೆಯಿದೆ. ಹಮದ್ ಬಿನ್ ಖಲೀಫಾ ವಿಶ್ವವಿದ್ಯಾಲಯದ ಇಸ್ಲಾಮಿಕ್ ಶಾಸನ ಮತ್ತು ನೀತಿಶಾಸ್ತ್ರ ಕೇಂದ್ರದ ‘ಜರ್ನಲ್ ಆಫ್ ಇಸ್ಲಾಮಿಕ್ ಎಥಿಕ್ಸ್’ 2017ರಿಂದ ಬ್ರಿಲ್ ಪ್ರಕಾಶನದ ಮೂಲಕ ಬರುತ್ತಿದೆ. ಇಂಗ್ಲಿಷ್ ಮತ್ತು ಅರಬಿ ಲೇಖನಗಳಿರುವ ಈ ಪತ್ರಿಕೆಯನ್ನು ಹಣ ಕೊಡದೆ ಯಾರೂ ಓದಬಹುದು.

ನಾನು ಕಾನೂನು ಪಂಡಿತನಲ್ಲ. ನಿವೃತ್ತಿಯ ನಂತರ ವೈದ್ಯಕೀಯಕ್ಕೆ ಸಂಬಂಧಿಸಿದ ಇಂಥ ಬರಹಗಳನ್ನು ಓದುತ್ತಾ ಬಂದಿದ್ದೇನೆ. ಅವುಗಳ ಹಿರಿಮೆಯೇನು, ಕೊರತೆಯೇನು ಎಂಬುದನ್ನು ಮಿದುಳು ಸಾವಿನ ಉದಾಹರಣೆಯಿಂದಲೇ ಹೇಳಬಹುದು.

1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಮಿದುಳಿನ ಎಲ್ಲ ಕೆಲಸವೂ ಮರಳಿ ಬಾರದಂತೆ ನಿಂತಿದೆಯೆಂದು ತಜ್ಞ ವೈದ್ಯರು ನಿರ್ಣಯಿಸಿದರೆ ಅದನ್ನೂ ಮರಣವೆಂದು ಒಪ್ಪಿತು. ಮರುವರ್ಷ ಮುಸ್ಲಿಂ ವರ್ಲ್ಡ್ ಲೀಗ್‌ನ ಮಕ್ಕಾ ಫಿಕ್ಹ್ ಅಕಾಡೆಮಿ ಬೇರೆ ದಾರಿ ಹಿಡಿಯಿತು. ಉಸಿರಾಟದ ಯಂತ್ರವನ್ನು ತೆಗೆಯಬಹುದು, ಆದರೆ ಉಸಿರು ಮತ್ತು ಹೃದಯ ಪೂರ್ತಿ ನಿಂತ ಮೇಲೆಯೇ ಮರಣ ಎಂದಿತು. ಕೇಳುವವರಿಗೆ ಇದು ಸಣ್ಣ ಅಂತರ ಅನ್ನಿಸಬಹುದು. ಅಂಗದಾನದಲ್ಲಿ ಹಾಗಲ್ಲ. ಹೃದಯ ನಿಂತ ಕ್ಷಣದಿಂದ ಅಂಗಗಳಿಗೆ ರಕ್ತ ಹರಿಯುವುದಿಲ್ಲ, ಅವು ಬೇಗನೆ ಕೆಡುತ್ತವೆ.

ಒಳ್ಳೆಯ ಸಂಶೋಧನಾ ಲೇಖನ ಈ ಎರಡೂ ನಿಲುವುಗಳನ್ನು ಕಾರಣಸಹಿತ ಎದುರು ಬದುರು ಇಡುತ್ತದೆ. ನಮ್ಮ ಫೋನುಗಳಿಗೆ ಬರುವುದಾದರೋ ‘ಅನುಮತಿ ಇದೆ’ ಅಥವಾ ‘ಇಲ್ಲ’ ಎಂಬ ಒಂದೇ ಸಾಲು. ಯಾರು ಹೇಳಿದ್ದು, ಯಾವಾಗ, ಏಕೆ ಎಂಬುದು ಅದರಲ್ಲಿರುವುದಿಲ್ಲ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕೆಲವೇ ಗಂಟೆಗಳಲ್ಲಿ ಉತ್ತರ ಹೇಳಬೇಕಾದ ಕುಟುಂಬಕ್ಕೆ ಆ ಒಂದು ಸಾಲು ಸಾಲದು.

ಇನ್ನೊಂದು ಮೆಚ್ಚಬೇಕಾದ ಕೆಲಸ 2016ರಲ್ಲಿ ದೋಹಾದ ವಿಶ್ ಆರೋಗ್ಯ ಶೃಂಗಸಭೆಗಾಗಿ ಮೊಹಮ್ಮದ್ ಘಾಲಿ ಮತ್ತು ಸಂಗಡಿಗರು ಸಿದ್ಧಪಡಿಸಿದ ವರದಿ. ವಂಶವಾಹಿ ಪರೀಕ್ಷೆಯಲ್ಲಿ ಹುಡುಕದೇ ಇದ್ದ ಸಂಗತಿ ಕಣ್ಣಿಗೆ ಬಿದ್ದರೆ ರೋಗಿಗೆ ತಿಳಿಸಬೇಕೆ ಎಂಬುದು ಅದರ ಪ್ರಶ್ನೆ. ಮುಂದೆ ಬರಬಹುದಾದ ಕಾಯಿಲೆಯ ಸುಳಿವು, ತಂದೆ ಯಾರೆಂಬ ಗುಟ್ಟು ಹೀಗೆ ಬಯಲಾಗಬಹುದು. ವೈದ್ಯವಿಜ್ಞಾನವನ್ನೂ ಫಿಕ್ಹನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದಾಗ ಮಾತ್ರ ಇಂಥ ಬರಹ ಸಾಧ್ಯ.

ಆದರೂ ನನ್ನ ಆಕ್ಷೇಪಣೆ ಎರಡು. ಮೊದಲನೆಯದು, ನಾನು ಓದಿದ ಲೇಖನಗಳಲ್ಲಿ ಗ್ರಂಥಗಳ ಮತ್ತು ನಿರ್ಣಯಗಳ ಚರ್ಚೆ ಧಾರಾಳವಾಗಿದೆ, ರೋಗಿಯ ಮನೆಯವರ ಮಾತು ತೀರಾ ಕಡಿಮೆ. ಎರಡನೆಯದು ಭಾಷೆ. ಕತಾರಿನ ನಿವಾಸಿಗಳಲ್ಲಿ ಬಹುಪಾಲು ನಮ್ಮಂಥ ಪರದೇಶದವರು. ಇಲ್ಲಿನ ಅಂಗದಾನ ನೋಂದಣಿ ಪ್ರಜೆಗಳಂತೆ ನಮಗೂ ತೆರೆದಿದೆ. ಅಂಗ ಪಡೆಯುವ ಸರದಿಯಲ್ಲೂ ರಾಷ್ಟ್ರೀಯತೆಯ ಭೇದವಿಲ್ಲ. ಕರಾವಳಿಯ ಬ್ಯಾರಿ ಕುಟುಂಬಕ್ಕಾಗಲಿ, ಹುಬ್ಬಳ್ಳಿಯ ಹಿಂದೂ ಕುಟುಂಬಕ್ಕಾಗಲಿ ಇದೇ ನಿಯಮ. ಹಕ್ಕು ನಮ್ಮ ಕೈಗೆ ಬಂದಿದ್ದರೂ ಅದರ ಹಿಂದಿನ ವಿಚಾರ ನಮ್ಮ ಭಾಷೆಗೆ ಬಂದಿಲ್ಲ.

ಎರಡನೆಯ ಕೊರತೆಗೆ ವಿದ್ವಾಂಸರನ್ನಷ್ಟೇ ದೂರಿ ಫಲವಿಲ್ಲ. ನಮ್ಮಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಅರಬಿ ಬಲ್ಲವರೂ ಇದ್ದಾರೆ. ವರ್ಷಕ್ಕೆ ಒಂದು ಲೇಖನವನ್ನಾದರೂ ಆಯ್ದು ಪ್ರಶ್ನೆಯೇನು, ಯಾರು ಏನೆಂದರು, ಇನ್ನೂ ಎಲ್ಲಿ ಒಮ್ಮತವಿಲ್ಲ ಎಂಬುದನ್ನು ನಾಲ್ಕು ಪುಟದ ಕನ್ನಡದಲ್ಲಿ ಬರೆದರೆ ಸಾಕು. ಮುಂದಿನ ಸಂಚಿಕೆಗೆ ಮಿದುಳು ಸಾವಿನ ವಿಷಯವನ್ನೇ ಎತ್ತಿಕೊಳ್ಳೋಣ ಎಂಬುದು ನನ್ನ ಸಲಹೆ. ಮನೆಮಂದಿಯೆಲ್ಲ ಆರೋಗ್ಯವಾಗಿ ಊಟಕ್ಕೆ ಕುಳಿತಿರುವಾಗ ಮಾತಾಡಿಕೊಳ್ಳಬೇಕಾದ ವಿಷಯವದು.