ಚಾಟಿ ಮತ್ತು ಬಾಸುಂಡೆ

ಕಲಾಸಿಪಾಳ್ಯದಂತಹ ಪೇಟೆಬೀದಿಗಳಲ್ಲಿ ದುರುಗಮುರಗಿಯರ ಉರುಮೆ ಮೊಳಗುವುದುಂಟು. ಹೆಂಗಸು ದೇವಿಯ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಿಲ್ಲುವಳು. ಗಂಡಸು ಬರಿಮೈಗೆ ಚಾಟಿ ಬೀಸಿಕೊಳ್ಳುವನು. ಚಾಟಿಯ ನಾದವು ಅದರ ತುದಿ ಗಾಳಿಯನ್ನು ಸೀಳುವುದರಿಂದ ಹುಟ್ಟತಕ್ಕದ್ದು. ಅದರಲ್ಲಿ ಪಳಗಿದ ಕಲೆಯುಂಟು. ಬಾಸುಂಡೆ ಮಾತ್ರ ಅಭಿನಯವಲ್ಲ. ಮೂಢನಂಬಿಕೆಯೆಂದು ಜರೆಯುವವರೂ ಜನಪದವೆಂದು ಕೊಂಡಾಡುವವರೂ ಅದನ್ನು ಕಾಣರು.

ಬ್ರಿಟಿಷರು 1864ರ ಕಾನೂನಿನಲ್ಲಿ ವಿಧಿಸಿದ ಛಡಿಯೇಟಿನ ಶಿಕ್ಷೆ 1955ರಲ್ಲಿ ರದ್ದಾಯಿತು. ಅಲ್ಲಿ ಹೊಡೆಯುವವನು ಬೇರೆ, ಹೊಡೆಸಿಕೊಳ್ಳುವವನು ಬೇರೆ. ಇಲ್ಲಿ ಇಬ್ಬರೂ ಒಬ್ಬನೇ. ಆದುದರಿಂದ ಪ್ರೇಕ್ಷಕನಿಗೆ ಅಳುಕಿಲ್ಲ, ಅವನ ಕಾಸೇ ಮುಂದಿನ ಏಟಿಗೆ ಪ್ರೇರಣೆಯಾದರೂ.

ಕಾಯವನ್ನು ಶಿವನ ನೆಲೆಯೆಂದು ಕಂಡ ಶರಣರು ದೇಹದಂಡನೆಯನ್ನು ಒಪ್ಪಲಿಲ್ಲ. ಆ ತತ್ತ್ವವನ್ನು ಹಸಿದವನ ಮೇಲೆ ತೀರ್ಪಾಗಿ ಎಸೆಯುವುದು ಸಲ್ಲದು. ವೀರಭದ್ರನ ಪುರವಂತರೂ ಶಸ್ತ್ರ ಚುಚ್ಚಿಕೊಳ್ಳುವರಷ್ಟೆ. ಅವರಿಗೆ ಊರಿನ ಗೌರವವುಂಟು. ಈತನಿಗೆ ದೊರೆಯುವುದು ಚಿಲ್ಲರೆ ಕಾಸು, ಹಿಡಿ ಅಕ್ಕಿ.