ಏಕತಾರಿಯ ಮೀಟೂ ತತ್ವಪದದ ಮಾತ್ರೆಯೂ

ತತ್ವಪದಗಳನ್ನು ಅಚ್ಚಿನ ಪುಟದಲ್ಲಿ ಓದುವವರ ಕಣ್ಣಿಗೆ ಮೊದಲು ಬೀಳುವ ದೋಷವು ಮಾತ್ರಾಲೋಪವು. ಒಂದು ಸಾಲಿಗೆ ಮಾತ್ರೆ ಸಾಲದು, ಮುಂದಿನದಕ್ಕೆ ಮಿಗುವುದು. ಇದನ್ನು ಕಂಡು ಪದಕಾರರಿಗೆ ಛಂದೋಜ್ಞಾನವಿರಲಿಲ್ಲವೆಂದು ತೀರ್ಮಾನಿಸುವುದು ಸುಲಭ. ಸಂಪಾದಕನಾದವನು ಒಂದೆರಡಕ್ಷರ ಸೇರಿಸಿ ಸಾಲನ್ನು ತಿದ್ದಿಬಿಡುವುದು ಇನ್ನೂ ಸುಲಭ. ಆದರೆ ಈ ಲೆಕ್ಕದಲ್ಲಿ ಹಾಡುವವನ ಕೈಯ ಏಕತಾರಿಯನ್ನು ಹಿಡಿದಿರುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯು ತತ್ವಪದಗಳ ತವರು. ಕಡಕೋಳದ ಮಡಿವಾಳಪ್ಪನವರು ಹುಟ್ಟಿದ ಬಿದನೂರು ಅಫಜಲಪುರ ತಾಲ್ಲೂಕಿನದು. ಅವರು ನೆಲೆಸಿದ ಕಡಕೋಳವು ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಚೆಗೆ ಯಡ್ರಾಮಿಯ ಪಾಲಿಗೆ ಬಂದಿದೆ. ಅವರ ಶಿಷ್ಯಪರಂಪರೆಯಲ್ಲಿ ಚನ್ನೂರ ಜಲಾಲಸಾಹೇಬರ ಹೆಸರು ದೊಡ್ಡದು. ಆಳಂದವು ಮಹಾರಾಷ್ಟ್ರದ ಅಂಚಿನಲ್ಲಿರುವುದರಿಂದ ಅಲ್ಲಿ ಮರಾಠಿ ಅಭಂಗವೂ ಕನ್ನಡದ ಪದವೂ ಒಂದೇ ಕಿವಿಗೆ ಬೀಳುವವು. ಈ ಎಲ್ಲ ಕಡೆಗೂ ಸಮಾನವಾದ ವಾದ್ಯವು ಏಕತಾರಿ: ಸೋರೆಬುರುಡೆ, ಬಿದಿರ ಕೋಲು, ಒಂದು ತಂತಿ. ಕೋಲು ಹಿಡಿದ ಕೈಯ ತೋರುಬೆರಳೇ ಮೀಟುವುದು. ಇನ್ನೊಂದು ಕೈ ತಾಳಕ್ಕೋ ಚಿಟಿಕೆಗೋ ಬಿಡುವಾಗಿರುವುದು. ಇದನ್ನು ಶ್ರುತಿವಾದ್ಯವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಕಛೇರಿಯ ತಂಬೂರಿಗೆ ಆ ಮಾತು ಸಾಕು; ಅದರ ನಾದವು ತಾಳವನ್ನು ಲೆಕ್ಕಿಸದೆ ಹರಿಯುವುದು. ಏಕತಾರಿಯು ಹೆಜ್ಜೆಯಿಡುವುದು. ಷಡ್ಜವನ್ನೂ ಲಯವನ್ನೂ ಒಂದೇ ಬೆರಳು ನಡೆಸುವುದು.

ಇದಕ್ಕೆ ಹತ್ತಿರದ ಉಪಮಾನವು ಅಮೆರಿಕದ ಜನಪ್ರಿಯ ಸಂಗೀತದಲ್ಲಿ ದೊರೆಯುವುದು. ಅಲ್ಲಿ ಆಳೆತ್ತರದ ಡಬಲ್ ಬೇಸನ್ನು ನಿಲ್ಲಿಸಿಕೊಂಡು, ಕಮಾನನ್ನು ಬದಿಗಿಟ್ಟು, ಬೆರಳಿನಿಂದ ಮೀಟುವರು. ಕೌಂಟ್ ಬೇಸಿಯವರ ಮೇಳದಲ್ಲಿ 1930ರ ದಶಕದಲ್ಲಿ ವಾಲ್ಟರ್ ಪೇಜ್ ನಾಲ್ಕೆಣಿಕೆಗೆ ನಾಲ್ಕು ಸ್ವರವಿಟ್ಟು ನಡೆದ ಕ್ರಮವು ಪ್ರಸಿದ್ಧವಾದುದು. 1954ರಲ್ಲಿ ಮೆಂಫಿಸ್ ನಗರದ ಸನ್ ಕಂಪನಿಯಿಂದ ಎಲ್ವಿಸ್ ಪ್ರೆಸ್ಲಿಯವರ ಮೊದಲ ಗ್ರಾಮಫೋನ್ ತಟ್ಟೆ ಹೊರಟಾಗ ಅದರಲ್ಲಿ ಚರ್ಮವಾದ್ಯವೇ ಇರಲಿಲ್ಲ. ಬಿಲ್ ಬ್ಲ್ಯಾಕ್ ತಂತಿಯನ್ನೆಳೆದು ವಾದ್ಯದ ಹಲಗೆಗೆ ಬಡಿಯುವಂತೆ ಬಿಟ್ಟು ಸ್ವರವನ್ನೂ ಪೆಟ್ಟನ್ನೂ ಕೂಡಿಸಿ ಕೊಟ್ಟರು. ಶಿಕಾಗೋದ ವಿಲಿ ಡಿಕ್ಸನ್ ಅದೇ ವಾದ್ಯವನ್ನು ಹಿಡಿದು ಪದಗಳನ್ನೂ ಕಟ್ಟಿದರು. ಅದೇ ವರ್ಷ ಮಡಿ ವಾಟರ್ಸ್ ಹಾಡಿದ ಅವರ ಪ್ರಸಿದ್ಧ ಪದವೊಂದನ್ನು ಕಾಗದದ ಮೇಲಿಟ್ಟರೆ ಸಾಲುಗಳು ತುಂಡುತುಂಡಾಗಿ ತೋರುವವು. ತುಂಡಿನ ನಡುವಣ ತೆರಪನ್ನು ಮೇಳವು ತುಂಬುವುದನ್ನು ಕೇಳಿದ ಮೇಲೆಯೇ ಕಟ್ಟಡವು ತಿಳಿಯುವುದು.

ಸಾಮ್ಯವನ್ನು ಬಹಳ ದೂರ ಎಳೆಯಲಾಗದು. ಡಬಲ್ ಬೇಸು ಸ್ವರವನ್ನು ಬದಲಿಸುತ್ತ ನಡೆಯುವುದು, ಏಕತಾರಿಯು ನಿಂತಲ್ಲಿಯೇ ನಡೆಯುವುದು. ನಾದವೂ ಅಷ್ಟು ಕೆಳಗಿಳಿಯದು. ಆದರೆ ತೆರಪಿನ ಮಾತು ಎರಡಕ್ಕೂ ಒಂದೇ. ಹಾಡುವವನು ಮಾತನ್ನು ಬೇಗ ಮುಗಿಸಿ ಸುಮ್ಮನಾದಾಗಲೂ ಬೆರಳು ಸುಮ್ಮನಾಗದು. ಹಿಮ್ಮೇಳದವರು ಪಲ್ಲವಿಯನ್ನೆತ್ತುವವರೆಗೆ ಉಳಿದ ಮಾತ್ರೆಗಳನ್ನು ತಂತಿಯೇ ನುಡಿಯುವುದು. ಅಕ್ಷರವನ್ನು ಮಾತ್ರ ಎಣಿಸುವವರು ಪದ್ಯದ ಒಂದು ಭಾಗವನ್ನೇ ಎಣಿಸಿದಂತಾಯಿತು. ಹಾಗೆಯೇ ‘ಶಿವನೆ’, ‘ಕೇಳೊ’, ‘ತಂಗಿ’ ಎಂಬಂಥ ಮಾತುಗಳು ಒಬ್ಬರ ಬಾಯಲ್ಲಿದ್ದು ಇನ್ನೊಬ್ಬರ ಬಾಯಲ್ಲಿಲ್ಲದಿದ್ದರೆ ಅವನ್ನು ಪಾಠಾಂತರಗಳೆಂದು ಅಡಿಟಿಪ್ಪಣಿಗೆ ಸೇರಿಸುವುದು ವ್ಯರ್ಥ ಶ್ರಮ. ಅನೇಕ ವೇಳೆ ಅವು ಮೀಟಿಗೆ ಜೊತೆಗೊಟ್ಟ ಧ್ವನಿಗಳು. ಇಷ್ಟರಿಂದ ಎಲ್ಲ ಪದಗಳೂ ನಿರ್ದುಷ್ಟವೆಂದಾಗದು. ಅರ್ಥವೇ ಸಡಿಲಾದ ನುಡಿಗಳೂ ಇವೆ. ಅವನ್ನು ಯಾವ ತಂತಿಯೂ ಕಾಯಲಾರದು.

ಈಗ ಭಜನಾಮೇಳಗಳಿಗೆ ಹಾರ್ಮೋನಿಯಮ್ಮೂ ಢೋಲಕವೂ ಬಂದಿವೆ. ಲಯದ ಭಾರವನ್ನು ಅವು ಹೊತ್ತ ಕಡೆಗಳಲ್ಲಿ ಏಕತಾರಿಯು ಕೈಯ ಅಲಂಕಾರವಾಗಿ ಉಳಿಯುವುದು. ಹಳೆಯ ತೆರಪುಗಳು ತಾಳದ ಆವರ್ತಕ್ಕೆ ಒತ್ತಿ ಮುಚ್ಚಿಹೋಗುವವು. ಆದಕಾರಣ ಸಂಪಾದಕರು ಪಾಠವನ್ನು ನಿರ್ಣಯಿಸುವ ಮೊದಲು, ಏಕತಾರಿಯೊಂದನ್ನೇ ನಂಬಿ ಹಾಡುವ ವೃದ್ಧರ ಬಾಯಿಂದ ಪದವನ್ನು ಧ್ವನಿಮುದ್ರಿಸಿಕೊಂಡು, ಸಾಲಿನ ಕೆಳಗೆ ಮೀಟಿನ ಗುರುತುಗಳನ್ನೂ ಹಾಕತಕ್ಕದ್ದು.